ತಿಪ್ಪೆಯೊಳಗಿನ ಹನ್ನೊಂದು ಕುಡಿಕೆ

೧೨ ಮಾರ್ಚಿ ೧೯೭೩, ಸೋಮವಾರ

ಬೆಳಿಗ್ಗೆ ಈಶ್ವರನ ಗುಡಿ ಗುಡಿಸಿ, ದೀಪಗಳನ್ನು ಹುಣಸೇಹಣ್ಣು ಹಾಕಿ ತಿಕ್ಕಿ, ಎಂಟು ಗಂಟೆಗೆ ಹೆರಿಗೆ ಮನೆಗೆ ಹೋದೆ. ಈ ಸೋಮವಾರದ ಸೇವೆ ಸಿಕ್ಕಿ ಒಂಬತ್ತು ವರ್ಷವಾಯಿತು. ಯಜಮಾನರು ತೀರಿಕೊಂಡ ಮೇಲೆ ನನ್ನನ್ನು ಯಾರೂ ಯಾವ ಶುಭಕ್ಕೂ ಕರೆಯುತ್ತಿರಲಿಲ್ಲ. ಶಿವ ಕರೆದ. ಹೆರಿಗೆ ಮನೆಯ ಆಯಾ ಕೆಲಸ ಹೋದರೆ ಇನ್ನೊಂದು ಕೆಲಸ ಸಿಕ್ಕೀತು. ಇದು ಹೋದರೆ ಮತ್ತೆ ಸಿಗುವುದಿಲ್ಲ.

ಪಿರಿಯಾಪಟ್ಟಣದ ಕಡೆಯ ಹೆಂಗಸಿಗೆ ಹತ್ತೂವರೆಗೆ ಗಂಡು ಮಗು. ನಮ್ಮ ನರ್ಸು ಏಲಿಯಮ್ಮ ಸಿಸ್ಟರ್ ಕೇರಳದವರು, ಒಳ್ಳೆಯ ಕೈ. ಮಗುವಿನ ಹಿಂದೆ ಬಿದ್ದ ಮಾಸನ್ನು ಬೇಸಿನ್ನಿನಲ್ಲಿ ನನ್ನ ಕೈಗೆ ಕೊಟ್ಟು ಯಾವಾಗಿನಂತೆ, "ಕುಳ್ಳಮ್ಮಾ, ಗುಂಡಿಯಲ್ಲಿ ಹಾಕಿ ಸೀಮೆಎಣ್ಣೆ ಸುರಿದು ಬೆಂಕಿ ಕೊಡು. ನಾಯಿ ಮುಟ್ಟಬಾರದು" ಎಂದರು. ನಾನೂ ಯಾವಾಗಿನಂತೆ ಹೂಂ ಅಂದೆ.

ಬೆಂಕಿ ಕೊಡುವುದು ನನ್ನಿಂದ ಆಗುವುದಿಲ್ಲ. ಒಂಬತ್ತು ತಿಂಗಳು ಮಗುವಿನ ಜೊತೆ ಇದ್ದದ್ದು. ಸುಟ್ಟರೆ ಮಗುವಿನ ಮೈ ಉರಿಯುತ್ತದೆ, ತಾಯಿಯ ಹಾಲು ಬತ್ತುತ್ತದೆ. ಈ ಊರಿನವರಾದರೆ ಮನೆಗೆ ಒಯ್ದು ಬಚ್ಚಲ ಹಿಂದೆ ಹೂಳುತ್ತಾರೆ. ದೂರದವರು, ಕಾಡಂಚಿನ ಹಾಡಿಯವರು, ಬಿಟ್ಟು ಹೋಗುತ್ತಾರೆ. ನಮ್ಮ ತವರಿನಲ್ಲಿ, ಚುಂಚನಕಟ್ಟೆ ಕಡೆ, ಮಾಸನ್ನು ಕುಡಿಕೆಯಲ್ಲಿಟ್ಟು, ಉಪ್ಪು ಅರಿಶಿನ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಮನೆಯ ತಿಪ್ಪೆಯೊಳಗೆ ಇಡುತ್ತಿದ್ದರು. ಹೆರಿಗೆ ಮನೆ ಶುರುವಾಗಿ ಹತ್ತು ತಿಂಗಳು. ಬಿಟ್ಟು ಹೋದವರದನ್ನೆಲ್ಲ ನಾನು ಹಾಗೇ ಮಾಡುತ್ತ ಬಂದಿದ್ದೇನೆ. ಇಲ್ಲಿಯ ಹಿತ್ತಿಲು ಕಲ್ಲುನೆಲ, ಹಾರೆ ಇಳಿಯುವುದಿಲ್ಲ. ಬೇಲಿಯಾಚೆ ಬಸವರಾಜು ಅವರ ತಿಪ್ಪೆಗುಂಡಿ ಇದೆ. ಮೊಳದುದ್ದ ಕೈ ಇಳಿಸಿದರೆ ಸಾಕು.

ಇವತ್ತಿನದು ಹನ್ನೊಂದನೆಯದು. ಬಸವರಾಜು ಅವರನ್ನು ಕೇಳಿಲ್ಲ. ತಿಪ್ಪೆಗೆ ಹಾಕುವುದಕ್ಕೆ ಕೇಳುವುದೇನು.

೨೦ ಮಾರ್ಚಿ, ಮಂಗಳವಾರ

ಹಾಡಿಯ ಜೋಗಯ್ಯ ಮಗಳು ನಿಂಗಿಯನ್ನು ಕರೆದುಕೊಂಡು ಬಂದಿದ್ದ. ಅವನು ಬಸವರಾಜು ಅವರ ಕೊಟ್ಟಿಗೆಯಲ್ಲಿ ಆಳು. ಸಗಣಿ ಬಾಚಿ ತಿಪ್ಪೆಗೆ ಹಾಕುವವನು ಅವನೇ. ಹೆಂಡತಿ ಇಲ್ಲ, ಇರುವುದೊಬ್ಬಳೇ ಮಗಳು. ಹೋದ ಸಲ ನಿಂಗಿ ಹಾಡಿಯಲ್ಲೇ ಹೆತ್ತು, ಮಗು ಉಳಿಯಲಿಲ್ಲ, ರಕ್ತ ಹೋಗಿ ಇವಳು ಉಳಿದದ್ದೇ ದೊಡ್ಡದು.

ಸಿಸ್ಟರ್ ಹೊಟ್ಟೆ ಮುಟ್ಟಿ ನೋಡಿ, "ಇನ್ನು ಒಂದು ತಿಂಗಳು. ಹೆರಿಗೆ ಇಲ್ಲಿಯೇ ಆಗಬೇಕು. ಹಾಡಿಯಲ್ಲಿ ಆದರೆ ಈ ಸಲ ಇವಳನ್ನು ಉಳಿಸಿ ಕೊಡುವುದಕ್ಕೆ ನನ್ನ ಕೈಯಲ್ಲಿ ಆಗುವುದಿಲ್ಲ" ಎಂದರು.

ಜೋಗಯ್ಯ ಜಗಲಿಯ ಕೆಳಗೆ ನಿಂತಿದ್ದ. ನಾನೂ ಮೇಲೆ ಬಾ ಅನ್ನಲಿಲ್ಲ, ಅವನಿಗೇ ತಿಳಿದಿದೆ. "ಕರ್ಕಂಡ್ ಬತ್ತೀನಿ ಕಣವ್ವ, ಒತ್ಕಂಡಾದ್ರೂ ಬತ್ತೀನಿ" ಎಂದ.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ.

೪ ಏಪ್ರಿಲ್, ಬುಧವಾರ. ಯುಗಾದಿ

ಬಸವರಾಜು ಅವರ ಹೆಂಡತಿ ಸುನಂದಮ್ಮ ಬೇಲಿ ಮೇಲಿಂದ ಒಬ್ಬಟ್ಟು ಕೊಟ್ಟರು. ಈ ವರ್ಷ ಗೊಬ್ಬರ ಬೇಗ ಹೊಡೆಸುತ್ತಾರಂತೆ, ನಾಡಿದ್ದೇ ಗಾಡಿಯಂತೆ.

ಮಳೆ ಬಿದ್ದ ಮೇಲೆ ಹೊಡೆಸುತ್ತಾರೆ, ಅಷ್ಟರಲ್ಲಿ ಎಲ್ಲ ಮಣ್ಣಾಗಿರುತ್ತದೆ ಅಂದುಕೊಂಡಿದ್ದೆ. ಕುಡಿಕೆ ಸುಟ್ಟ ಮಣ್ಣಿನದು, ಕರಗುವುದಿಲ್ಲ ಅನ್ನುವುದನ್ನು ಯೋಚಿಸಿರಲಿಲ್ಲ. ಇವತ್ತು ಹಬ್ಬ, ಮನೆ ತುಂಬ ನೆಂಟರು, ಹಿತ್ತಿಲ ತುಂಬ ಮಕ್ಕಳು. ತೆಗೆಯುವುದು ಹೇಗೆ. ನಾಳೆ ನೋಡೋಣ.

೬ ಏಪ್ರಿಲ್, ಶುಕ್ರವಾರ

ನಿನ್ನೆ ಆಗಲಿಲ್ಲ. ನೆಂಟರು ಇನ್ನೂ ಇದ್ದರು.

ಇವತ್ತು ಗಾಡಿ ಬಂತು. ನಾನು ಬೇಲಿಯ ಈಚೆ ಹಾಸಿಗೆಬಟ್ಟೆ ಒಗೆಯುತ್ತಿದ್ದೆ. ಜೋಗಯ್ಯ ಗುದ್ದಲಿ ಹಾಕಿ ಎಳೆಯುತ್ತಿದ್ದ, ಇನ್ನಿಬ್ಬರು ಮಂಕರಿಗೆ ತುಂಬುತ್ತಿದ್ದರು. ಠಣ್ ಅಂದದ್ದು ನನಗೂ ಕೇಳಿಸಿತು. "ಬುದ್ದೀ, ಇಲ್ಲಿ ಬನ್ನಿ! ಮಡಕೆ ಸಿಕ್ತು!" ಎಂದು ಕೂಗಿದವನೂ ಜೋಗಯ್ಯನೇ. ಹೊನ್ನು ಸಿಕ್ಕಿತೆಂದು ಬಸವರಾಜು ಪಂಚೆ ಎತ್ತಿಕೊಂಡು ಓಡಿ ಬಂದರು. ಬಟ್ಟೆ ಬಿಚ್ಚಿ ಒಳಗೆ ನೋಡಿದವರು ಅಲ್ಲೇ ಕುಕ್ಕರಿಸಿಬಿಟ್ಟರು. ಅರಿಶಿನ, ಉಪ್ಪು, ಕೊಳೆತ ಮಾಂಸ. ಇನ್ನೆರಡು ಏಟಿಗೆ ಇನ್ನೆರಡು ಕುಡಿಕೆ.

"ಮಾಟ ಕಣ್ರಪ್ಪೋ!" ಎಂದು ಯಾರೋ ಕೂಗಿದರು. ಅರ್ಧ ಊರು ಸೇರಿತು.

"ದಿನಾ ಈ ತಿಪ್ಪೆಗೆ ಇಳಿಯೋನು ಯಾರ್ಲಾ? ನೀನೊಬ್ನೇ ಅಲ್ವೇನ್ಲಾ?" ಎಂದರು ಬಸವರಾಜು ಜೋಗಯ್ಯನಿಗೆ.

"ಬುದ್ದಿ, ನಾನೇ ಉಗ್ದಿಟ್ಟಿದ್ರೆ ನಾನೇ ಕೂಗಿ ತೋರುಸ್ತಿದ್ನಾ?"

"ಮಾಡ್ದೋನು ಅಂಗೇ ಆಡೋದು. ಕಾಡ್ನವ್ರ ವಿದ್ಯೆ ನಮಗೆ ಗೊತ್ತಿಲ್ವಾ? ಕಟ್ರಲಾ ಇವುನ್ನ!"

ಕೊಟ್ಟಿಗೆಯ ಕಂಬಕ್ಕೆ ದನದ ಹಗ್ಗದಲ್ಲಿ ಕಟ್ಟಿದರು. ಸಂಜೆ ಬಿಟ್ಟರಂತೆ. ತಿಪ್ಪೆಯಲ್ಲಿ ಉಳಿದದ್ದನ್ನು ಮುಟ್ಟಲು ಯಾರಿಗೂ ಧೈರ್ಯವಿಲ್ಲ. ಗಾಡಿ ಅಲ್ಲೇ ನಿಂತಿದೆ.

ನಾನು ಬಟ್ಟೆ ಒಗೆದು ಮುಗಿಸಿದೆ. ಹಿಂಡುವಾಗ ಒಂದು ದುಪ್ಪಟಿ ಹರಿಯಿತು.

೭ ಏಪ್ರಿಲ್, ಶನಿವಾರ

ಹೇಳಬೇಕು. ಇವತ್ತು ಶನಿವಾರ. ಶನಿವಾರ ಬೇಡ.

೮ ಏಪ್ರಿಲ್, ಭಾನುವಾರ

ಹೇಳುವುದಕ್ಕೆಂದೇ ಸುನಂದಮ್ಮನವರ ಹತ್ತಿರ ಹೋದೆ. ಅಡುಗೆಮನೆಯಲ್ಲಿ ಕುಳಿತು ಅಳುತ್ತಿದ್ದರು. ಅವರ ಸೊಸೆಗೆ ಎರಡು ಸಲ ಬಸಿರು ನಿಲ್ಲಲಿಲ್ಲ. "ಈಗ ಗೊತ್ತಾಯ್ತು ನೋಡಿ ಕುಳ್ಳಮ್ಮ, ಯಾಕೆ ನಿಲ್ಲಲಿಲ್ಲ ಅಂತ. ನಮ್ಮನೆ ಅನ್ನ ಉಂಡು ನಮ್ಮನೆ ಕುಡೀಗೇ ಕೈ ಇಟ್ಟನಲ್ಲ" ಎಂದರು.

ಅವರ ಸೊಸೆಗೆ ಎರಡನೆಯ ಸಲ ಹೋದದ್ದು ಹೆರಿಗೆ ಮನೆ ಶುರುವಾಗುವುದಕ್ಕಿಂತ ಮುಂಚೆ. ಆ ಮಾತು ಬಾಯಿಗೆ ಬಂತು. ಅದನ್ನು ಹೇಳಿದರೆ ಮಿಕ್ಕದ್ದನ್ನೂ ಹೇಳಬೇಕಾಗುತ್ತದೆ. ಮಜ್ಜಿಗೆ ಕೊಟ್ಟರು. ಕುಡಿದು ಬಂದೆ.

೯ ಏಪ್ರಿಲ್, ಸೋಮವಾರ

ಗುಡಿಗೆ ಹೋಗಿ ದೀಪ ತಿಕ್ಕಿದೆ. ಎರಡು ಸಲ ತಿಕ್ಕಿದೆ. ಊರ ಯಜಮಾನರು ಗೋವಿಂದಯ್ಯ ಜಗಲಿಯ ಮೇಲೆ ಕುಳಿತು ಬುಧವಾರ ನ್ಯಾಯ ಅಂದರು. ಅಲ್ಲಿಯ ತನಕ ಹಾಡಿಯವರು ಯಾರೂ ಊರೊಳಗೆ ಕಾಲಿಡಬಾರದು. ಅಂಗಡಿಗೂ ಇಲ್ಲ, ಹೆರಿಗೆ ಮನೆಗೂ ಇಲ್ಲ.

ಸೂತಕದ್ದನ್ನು ಮುಟ್ಟಿದ ಕೈಯಲ್ಲಿ ದೇವರ ದೀಪ ಮುಟ್ಟಿದವಳು ಅನ್ನುತ್ತಾರೆ. ನಾನು ಸ್ನಾನ ಮಾಡದೆ ಯಾವತ್ತೂ ಮುಟ್ಟಿಲ್ಲ. ಆದರೂ ಅನ್ನುತ್ತಾರೆ.

ಸಿಸ್ಟರ್ ಸಂಜೆಯ ತನಕ ನಿಂಗಿಯ ದಾರಿ ನೋಡಿದರು. ಹೊಟ್ಟೆ ತೋರಿಸಲು ಇವತ್ತು ಬರಬೇಕಾಗಿತ್ತು.

೧೧ ಏಪ್ರಿಲ್, ಬುಧವಾರ

ಎಲ್ಲವನ್ನೂ ಬರೆದಿಡುತ್ತೇನೆ.

ಮಾರಮ್ಮನ ಗುಡಿಯ ಮುಂದೆ ಅರಳಿಕಟ್ಟೆಯ ಮೇಲೆ ಗೋವಿಂದಯ್ಯ ಮತ್ತು ನಾಲ್ಕು ಜನ ಹಿರಿಯರು. ಕೆಳಗೆ ಒಂದು ಕಡೆ ಜೋಗಯ್ಯ, ಅವನ ಹಿಂದೆ ಹಾಡಿಯ ಯಜಮಾನ ಮುತ್ತ. ಹೆಂಗಸರು ನಾವು ದೂರದಲ್ಲಿ ಗೋಡೆಯ ಬದಿಗೆ. ಮೂರು ಕುಡಿಕೆಗಳನ್ನು ಸೊಪ್ಪಿನ ಮೇಲೆ ಇಟ್ಟಿದ್ದರು, ಯಾರೂ ಹತ್ತಿರ ಹೋಗುತ್ತಿರಲಿಲ್ಲ.

ಗೋವಿಂದಯ್ಯ ಹೇಳಿದರು, "ನೋಡು ಜೋಗ, ಎರಡೇ ದಾರಿ. ಒಪ್ಕಂಡ್ರೆ ಇಪ್ಪತ್ತೈದು ರೂಪಾಯಿ ತಪ್ಪುಕಾಣಿಕೆ ಕಟ್ಟು, ಮಾಟ ನೀನೇ ಕಿತ್ತಾಕು, ಮುಗೀತು. ಒಪ್ಕಳ್ದೆ ಓದ್ರೆ ನಿಮ್ಮ ಹಾಡಿಯೋರು ಒಬ್ರೂ ಇನ್ನು ಈ ಊರ ಎಲ್ಲೆ ದಾಟಂಗಿಲ್ಲ."

"ನಾ ಮಾಡಿಲ್ಲ ಬುದ್ದಿ. ಅಮ್ಮನ ಮುಂದೆ ಅಂಗೈಲಿ ಕರ್ಪೂರ ಆರ್ಸಿ ಆಣೆ ಮಾಡು ಅಂದ್ರೆ ಮಾಡ್ತೀನಿ."

"ಮಾಟಗಾರನ ಕೈಗೆ ಕರ್ಪೂರ ಸುಟ್ಟಾತೇನ್ಲಾ?" ಎಂದರು ಬಸವರಾಜು.

ಜೋಗಯ್ಯ ಹಿಂದೆ ತಿರುಗಿ ಮುತ್ತನನ್ನು ನೋಡಿದ. ಆಮೇಲೆ ಕೇಳಿದ, "ಒಪ್ಕಂಡ್ರೆ ನನ್ ಮಗ್ಳುನ್ನ ಎರಿಗೆ ಮನೇಗೆ ಬುಡ್ತೀರಾ ಬುದ್ದಿ?"

"ಬುಡ್ತೀವಿ."

"ಅಂಗಾರೆ ನಾನೇ ಅಂತ ಬರ್ಕಳಿ. ಮಾಟ ಅಂತ್ಲೇ ಬರ್ಕಳಿ. ನಿಂಗಿಗೆ ದಿನ ತುಂಬ್ತಾ ಅದೆ."

ಹಿಂದಿನಿಂದ ಮುತ್ತ ಅವನ ತೋಳು ಹಿಡಿದು ಎಳೆದ. ಜೋಗಯ್ಯ ಬಿಡಿಸಿಕೊಂಡ.

ನಾನು ಎದ್ದದ್ದು ನನಗೆ ಗೊತ್ತಿಲ್ಲ. ಮಾತು ಮಾತ್ರ ಗೊತ್ತು. "ಅವು ನಾನು ಇಟ್ಟಿದ್ದು. ಮಾಟ ಅಲ್ಲ, ಮಾಸು. ಎರಿಗೆ ಮನೇಲಿ ಬುಟ್ಟೋದೋರ್ದು. ಮೂರಲ್ಲ, ಹನ್ನೊಂದು ಅವೆ."

ಸುನಂದಮ್ಮ ನನ್ನ ಪಕ್ಕದಿಂದ ಸೆರಗು ಎಳೆದುಕೊಂಡು ದೂರ ಸರಿದರು.

"ಸರ್ಕಾರದ ಗುಂಡಿ ಇಲ್ವೇನಮ್ಮ ಅಲ್ಲಿ?" ಎಂದರು ಗೋವಿಂದಯ್ಯ.

"ಅದ್ರಲ್ಲಿ ಬೆಂಕಿ ಆಕು ಅಂತಾರೆ. ಮಕ್ಕಳ ಮಾಸಿಗೆ ನಾನು ಬೆಂಕಿ ಆಕಲ್ಲ."

"ಬೆಂಕಿ ಆಕಲ್ಲ, ನನ್ ತಿಪ್ಪೇಗ್ ಆಕ್ತೀಯ! ಒಂದ್ ಮಾತು ಕೇಳಿದ್ಯಾ?" ಬಸವರಾಜು ಎದ್ದು ನಿಂತರು. "ಯಾವ್ಯಾವ ಜಾತಿದೋ, ಎಲ್ಲೆಲ್ಲಿ ಸೂತಕವೋ, ನಾನು ಅದೇ ಗೊಬ್ಬರದ ರಾಗಿ ಉಣ್ಬೇಕಾ?"

ಅಷ್ಟರಲ್ಲಿ ಹಿಂದಿನಿಂದ ಕುರಿ ಸಾಕುವ ದೊಡ್ಡಬೀರಯ್ಯ, "ಉಣ್ಣು ಬಸ್ರಾಜಣ್ಣ, ಈ ಸಲ ಒಲದ ತುಂಬ ಕೂಸುಗಳೇ ಮೊಳೀತವೆ, ಕಳೆ ತೆಗೆಯಕ್ಕೆ ಆಳು ಬ್ಯಾಡ!" ಎಂದ. ಎಲ್ಲರೂ ನಕ್ಕರು. ಬಸವರಾಜು ನಗಲಿಲ್ಲ. ನನಗೆ ನಗು ಬಂದದ್ದು ನಿಜ, ಕೆಟ್ಟ ಹೊತ್ತಿನಲ್ಲಿ.

ತೀರ್ಮಾನ ಹೀಗೆ. ಬೇರೆಯವರ ತಿಪ್ಪೆಗೆ ಸೂತಕ ಹಾಕಿದ್ದಕ್ಕೆ ನಾನು ಇಪ್ಪತ್ತೈದು ರೂಪಾಯಿ ತಪ್ಪುಕಾಣಿಕೆ ಕಟ್ಟಬೇಕು. ಹನ್ನೊಂದನ್ನೂ ನಾನೇ ತೆಗೆದು ಹಗಲಲ್ಲಿ ಊರ ಬೀದಿಯ ಮೇಲೆ ಹೊತ್ತು ಎಲ್ಲೆಯಾಚೆ ಹಾಕಬೇಕು. ಇನ್ನು ಈಶ್ವರನ ಗುಡಿಯ ಮೆಟ್ಟಿಲು ತುಳಿಯಬಾರದು. ಎಷ್ಟು ದಿನ ಎಂದು ಕೇಳಿದೆ. "ದಿನದ ಮಾತಿಲ್ಲ" ಎಂದರು ಗೋವಿಂದಯ್ಯ.

ಜೋಗಯ್ಯನಿಗೆ "ನೀನು ಓಗಪ್ಪ" ಅಂದರು. ಕಟ್ಟಿ ಹಾಕಿದ್ದಕ್ಕೆ ಯಾರೂ ಏನೂ ಅನ್ನಲಿಲ್ಲ. ಅವನು ನನ್ನ ಮುಂದೆಯೇ ಹಾದು ಹೋದ. ನೋಡಲಿಲ್ಲ.

೧೨ ಏಪ್ರಿಲ್, ಗುರುವಾರ

ಕಟ್ಟೆಯ ಮುಂದಿದ್ದ ಮೂರನ್ನು ಬುಟ್ಟಿಗಿಟ್ಟುಕೊಂಡು ತಿಪ್ಪೆಗೆ ಇಳಿದೆ. ಎಂಟನ್ನು ತೆಗೆದೆ. ಎಲ್ಲಿಟ್ಟಿದ್ದೆ ಎಂದು ನನಗೆ ಗೊತ್ತು, ಒಂದೂ ಒಡೆಯಲಿಲ್ಲ. ತಲೆಯ ಮೇಲೆ ಹೊತ್ತು ಬೀದಿಯಲ್ಲಿ ನಡೆದೆ. ಬಾಗಿಲು ಹಾಕಿಕೊಂಡರು. ಕೆಲವರು ಮಕ್ಕಳ ಕಣ್ಣು ಮುಚ್ಚಿದರು. ಆ ಮಕ್ಕಳಲ್ಲಿ ಮೂವರು ನನ್ನ ಕೈಯಲ್ಲೇ ಮೊದಲ ಸ್ನಾನ ಮಾಡಿದವರು.

ಎಲ್ಲೆಯಾಚೆ ಎಸೆಯಲು ಹೇಳಿದ್ದರು. ಎಸೆಯಲಿಲ್ಲ. ಹಳ್ಳದ ಬದಿಯ ಮರಳುಮಣ್ಣಿನಲ್ಲಿ ಸಾಲಾಗಿ ಹೂತು ಬಂದೆ.

ಸಿಸ್ಟರ್ ಬಾಗಿಲಲ್ಲೇ ನಿಂತಿದ್ದರು. "ನಾನು ಏನು ಹೇಳಿದ್ದು? ನೀನು ಏನು ಮಾಡಿದ್ದು? ಹತ್ತು ತಿಂಗಳು ನನ್ನ ಹತ್ತಿರ ಹೂಂ ಹೂಂ ಎಂದು ಸುಳ್ಳು ಹೇಳಿದ್ದು!" ಎಂದರು. ಮೇಲಿನವರಿಗೆ ಬರೆಯುತ್ತೇನೆ ಅಂದರು. ಬರೆಯಿರಿ ಅಂದೆ. ಬರೆದರೋ ಇಲ್ಲವೋ ತಿಳಿಯದು. ಸ್ವಲ್ಪ ಹೊತ್ತಿನ ಮೇಲೆ, "ಆ ನಿಂಗಿ ಎಲ್ಲಿ?" ಎಂದರು.

೧೬ ಏಪ್ರಿಲ್, ಸೋಮವಾರ

ಐದು ಗಂಟೆಗೆ ಎಚ್ಚರವಾಯಿತು. ಹೋಗುವುದಕ್ಕೆ ಜಾಗವಿಲ್ಲ. ಮನೆಯಲ್ಲೇ ಕೈ ಮುಗಿದೆ. ಕೈ ಸುಮ್ಮನಿರಲಿಲ್ಲ, ಹೆರಿಗೆ ಮನೆಯ ಬೇಸಿನ್ನುಗಳನ್ನೆಲ್ಲ ತಿಕ್ಕಿದೆ.

ನಿಂಗಿ ಬರಲಿಲ್ಲ. ಊರವರು ಬಿಟ್ಟರೂ ಬರುತ್ತಿಲ್ಲ. ಇನ್ನು ಎಂಟು ಹತ್ತು ದಿನ.

೧೭ ಏಪ್ರಿಲ್, ಮಂಗಳವಾರ

ಹಾಡಿಗೆ ಹೋದೆ. ವೀರನಹೊಸಹಳ್ಳಿಯ ದಾರಿಯಲ್ಲಿ ಮೂರು ಮೈಲಿ, ಆಮೇಲೆ ಕಾಲುದಾರಿ. ಐವತ್ತು ವರ್ಷದಲ್ಲಿ ಮೊದಲ ಸಲ ಹಾಡಿಯೊಳಗೆ ಕಾಲಿಟ್ಟದ್ದು.

ಜೋಗಯ್ಯ ಬಿದಿರು ಸೀಳುತ್ತಿದ್ದರು. ಕೊಟ್ಟಿಗೆಯ ಕೆಲಸಕ್ಕೆ ಮತ್ತೆ ಹೋಗಿಲ್ಲ. ನಿಂಗಿ ಒಳಗೆ ಮಲಗಿದ್ದಳು, ಕಾಲು ಊದಿತ್ತು.

"ನಿಂಗಿನ ಕಳ್ಸಿಕೊಡಪ್ಪ" ಎಂದೆ.

"ಆ ಬೀದೀಲಿ ನನ್ ಮಗ್ಳು ನಡೆಯಲ್ಲ. ನಾನೂ ನಡೆಯಲ್ಲ."

"ನನ್ ತಪ್ಪು ನಾನು ಒಪ್ಕಂಡೆನಲ್ಲ. ದಂಡಾನೂ ಕಟ್ದೆ."

ಜೋಗಯ್ಯ ಕತ್ತಿ ಕೆಳಗಿಟ್ಟರು. "ಬಸ್ರಾಜಪ್ಪನ ತಿಪ್ಪೆಗೆ ತಪ್ಪುಕಾಣಿಕೆ ಕಟ್ಟಿದ್ದೀಯ. ಶುಕ್ರವಾರ ನನ್ನ ಕಂಬಕ್ಕೆ ಕಟ್ದಾಗ ನೀನು ಬೇಲಿ ಹಿಂದೆ ಬಟ್ಟೆ ಒಗೀತಿದ್ದೆ ಕಣವ್ವ. ಸೋಪಿನ ನೊರೆ ಕಾಣ್ತಿತ್ತು ನಂಗೆ. ಶುಕ್ರವಾರ, ಶನಿವಾರ, ಭಾನುವಾರ, ಸೋಮವಾರ, ಮಂಗಳವಾರ. ಅದ್ನ ಯಾರ್ಗೆ ಕಟ್ದೆ?"

ಶನಿವಾರ ಅಂತ ಹೇಳಲಿಲ್ಲ, ಸುನಂದಮ್ಮ ಅಳುತ್ತಿದ್ದರು ಅಂತ ಹೇಳಲಿಲ್ಲ. ಅವತ್ತು ಇಲ್ಲಿ ಬರೆಯುವಾಗ ಅವೆಲ್ಲ ಸರಿಯಾದ ಕಾರಣಗಳ ಹಾಗೇ ಇದ್ದವು. ಗುಡಿಯ ಸೇವೆ ಹೋಗುತ್ತದೆ ಅಂತ ಹೆದರಿದೆ ಎಂದೆ. ಅದು ನಿಜ.

"ಓಯ್ತಾ?"

"ಓಯ್ತು."

ಮುತ್ತ ಯಜಮಾನರು ಬಂದರು. ಇನ್ನೂ ಆರೇಳು ಜನ ಸೇರಿದರು. ನನ್ನನ್ನು ನೆಲದ ಮೇಲೆ ಕೂರಿಸಿ, ನಡೆದದ್ದನ್ನೆಲ್ಲ ಎಲ್ಲರ ಮುಂದೆ ಮೊದಲಿನಿಂದ ಹೇಳು ಎಂದರು. ಹೇಳಿದೆ. ಐದು ದಿನ ಸುಮ್ಮನಿದ್ದದ್ದನ್ನೂ ಹೇಳಿದೆ. ಅವರವರಲ್ಲೇ ಮಾತಾಡಿಕೊಂಡು ಮುತ್ತ ಹೇಳಿದರು, "ನಮಗೆ ನಿನ್ನ ರೂಪಾಯಿ ಬ್ಯಾಡ. ಇವಳ ಎರಿಗೆ ಇಲ್ಲೇ ಆಗ್ತದೆ. ನೋವು ಸುರುವಾದ ಗಳಿಗೇಲಿ ನೀನು ಬರ್ಬೇಕು, ನಿಮ್ಮ ಸಿಸ್ಟ್ರಮ್ಮನ್ನೂ ಕರ್ಕಂಡ್ ಬರ್ಬೇಕು. ನಡ್ಕಂಡೇ. ಇದೇ ನಿನ್ನ ತಪ್ಪುಕಾಣಿಕೆ."

ಒಬ್ಬ ಮುದುಕಿ, "ಬರ್ದಿದ್ರೆ?" ಎಂದಳು.

"ಬರ್ದಿದ್ರೆ ಅದು ಅವಳ ಶಿವಂಗೆ ಗೊತ್ತು" ಎಂದರು ಮುತ್ತ.

ಹೊರಡುವಾಗ ನೀರು ಕೊಟ್ಟರು. ಬಾಯಾರಿತ್ತು, ಎರಡು ಲೋಟ ಕುಡಿದೆ.

ಸಿಸ್ಟರಿಗೆ ಹೇಳಿದಾಗ, "ನಿನಗೆ ತಪ್ಪು ಹಾಕಿದರೆ ನಾನು ಏಕೆ ಮೂರು ಮೈಲಿ ನಡೆಯುವುದು?" ಎಂದರು. ಆಮೇಲೆ ಚೀಲದಲ್ಲಿ ಸೂಜಿ, ಮದ್ದು, ಕತ್ತರಿ ಎಲ್ಲ ಜೋಡಿಸಿಟ್ಟರು. ಈಸ್ಟರ್ ಹಬ್ಬಕ್ಕೆ ಊರಿಗೆ ಹೋಗಬೇಕಾದವರು, ರಜೆ ಬೇಡವೆಂದು ಕಾರ್ಡು ಬರೆದರು.

೨೧ ಏಪ್ರಿಲ್, ಶನಿವಾರ

ಸುದ್ದಿಯಿಲ್ಲ. ಸೀರೆ ಉಟ್ಟುಕೊಂಡೇ ಮಲಗುತ್ತೇನೆ, ಬೆಳಗಿನ ಜಾವ ಕರೆದರೂ ಹೋಗಲು ಆಗುವ ಹಾಗೆ.

೨೬ ಏಪ್ರಿಲ್, ಗುರುವಾರ

ಬೆಳಿಗ್ಗೆ ಏಳಕ್ಕೆ ಹಾಡಿಯಿಂದ ಕರೆ ಬಂತು. ಎಂಟೂಕಾಲಿಗೆ ಅಲ್ಲಿದ್ದೆವು. ಸಿಸ್ಟರ್ ಚಪ್ಪಲಿ ಕಿತ್ತುಹೋಗಿ ಕೊನೆಯ ಅರ್ಧ ಮೈಲಿ ಬರಿಗಾಲಲ್ಲಿ ನಡೆದರು, ದಾರಿಯುದ್ದಕ್ಕೂ ಮಲಯಾಳದಲ್ಲಿ ಬೈದರು.

ಹನ್ನೊಂದೂವರೆಗೆ ಹೆಣ್ಣು ಮಗು. ಅತ್ತಿತು. ಮಗುವಾದ ಮೇಲೆ ರಕ್ತ ನಿಲ್ಲಲಿಲ್ಲ. ಸಿಸ್ಟರ್ ಸೂಜಿ ಕೊಟ್ಟು, ಹೊಟ್ಟೆ ಒತ್ತಿ ಹಿಡಿದು, "ಬಿಡಬೇಡ ಕುಳ್ಳಮ್ಮಾ, ಇಲ್ಲಿ ಒತ್ತು, ಬಿಡಬೇಡ" ಎಂದರು. ಎಷ್ಟು ಹೊತ್ತು ಒತ್ತಿದೆನೋ ತಿಳಿಯದು. ಕೈ ಮರಗಟ್ಟಿತು. ಶಿವ ಶಿವ ಅನ್ನುತ್ತಿದ್ದೆನಂತೆ, ಸಿಸ್ಟರ್ ಅವರ ದೇವರನ್ನು ಕರೆಯುತ್ತಿದ್ದರು, ನಿಂಗಿ ನಮ್ಮಿಬ್ಬರನ್ನೂ ಬೈಯುತ್ತಿದ್ದಳು. ಬೈಯುವಷ್ಟು ಶಕ್ತಿ ಇದೆಯಲ್ಲ ಎಂದು ಸಿಸ್ಟರ್ ನಕ್ಕ ಮೇಲೆ ನನಗೆ ಉಸಿರು ಬಂತು. ರಕ್ತ ನಿಂತಿತ್ತು.

ಮಾಸನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ಎತ್ತಿಕೊಂಡು ಹೊರಗೆ ಬಂದೆ. ಜೋಗಯ್ಯ ಬಾಗಿಲಲ್ಲೇ ಕುಳಿತಿದ್ದರು. ಮಗಳು ಚೆನ್ನಾಗಿದ್ದಾಳೆ, ಮೊಮ್ಮಗಳೂ ಚೆನ್ನಾಗಿದ್ದಾಳೆ ಎಂದೆ. ತಲೆ ಅಲ್ಲಾಡಿಸಿದರು. ಆಮೇಲೆ, "ಇದನ್ನ ಎಲ್ಲಿ ಇಡ್ಲಿ ಜೋಗಯ್ಯ? ನೀವು ಯೋಳಿ" ಎಂದೆ.

ಎದ್ದು ಮುಂದೆ ನಡೆದರು. ಗುಡಿಸಲ ಹಿಂದೆ ನೆಲ್ಲಿಮರದ ಬುಡ ತೋರಿಸಿ ಹಾರೆ ಕೊಟ್ಟರು. ಅಗೆದೆ. ಸಾಕೇ ಎಂದು ನೋಡಿದೆ. ಬಗ್ಗಿ ಗುಂಡಿಯಲ್ಲಿ ಕೈ ಇಳಿಸಿ ಅಳೆದರು.

"ಇನ್ನೊಂದು ಗೇಣು" ಎಂದರು.

ಅಗೆದೆ.